ಅಭಿನಂದನ ಗ್ರಂಥಕ್ಕೆ ಎರಡು ಪುಟ

ಅಕ್ಟೋಬರ್ 13, ಭಾನುವಾರ

ದಸರೆ ರಜೆ ಇನ್ನೊಂದು ವಾರ ಉಳಿದಿದೆ. ಈ ವಾರ ಓದು, ಬರೀ ಓದು ಎಂದು ತೀರ್ಮಾನಿಸಿದ್ದೇನೆ. ಬೇಸಿಗೆಯಲ್ಲಿ ಕೊಂಡು ಮುಟ್ಟದೇ ಬಿಟ್ಟ ಪುಸ್ತಕಗಳನ್ನೆಲ್ಲ ಕಪಾಟಿನಿಂದ ಇಳಿಸಿ ಮೇಜಿನ ಮೇಲೆ ಜೋಡಿಸಿಟ್ಟೆ. ಒಂದು ದಪ್ಪ ಕಾದಂಬರಿ, ಒಬ್ಬ ದಾದಿಯ ಆತ್ಮಕಥೆ, ನಮ್ಮ ಕಡೆಯ ಶಾಸನಗಳ ಬಗ್ಗೆ ಒಂದು, ಇನ್ನೂ ಏನೇನೋ. ನನ್ನ ಪುಸ್ತಕಗಳಿಗೂ ನಮ್ಮ ಅತ್ತೆಗೂ ಈ ಮನೆಯಲ್ಲಿ ಒಂದೇ ಕೋಣೆ, ಮೂಡಣ ದಿಕ್ಕಿನದು. ಎರ್ರಮ್ಮ ಅತ್ತೆಗೆ ಓದು ಬರದು. ಆದರೂ ಗೋಡೆ ತುಂಬ ಪುಸ್ತಕ ಇದ್ದರೆ ಮಗ್ಗುಲಲ್ಲಿ ಮಂದಿ ಕೂತಂಗ ಇರತೈತಿ ಎನ್ನುತ್ತಾರೆ.

ನಿನ್ನೆ ಸಂಜೆ ಬನ್ನಿ ಕೊಡಲು ಚನ್ನಬಸವರಾಜ ಮಾವ ಬಂದಿದ್ದರು. ಅತ್ತೆಗೆ ಒಬ್ಬನೇ ತಮ್ಮ, ನನ್ನ ಗಂಡ ವೀರೇಶ್‌ಗೆ ಸೋದರಮಾವ. ಸಿರುಗುಪ್ಪದಲ್ಲಿ ಅವರ ಅಕ್ಕಿ ಗಿರಣಿ, ಇಲ್ಲಿ ಬಳ್ಳಾರಿಯಲ್ಲಿ ಅಕ್ಕಿ ಅಂಗಡಿ. ಅಂಗಡಿ ನೋಡಿಕೊಳ್ಳುವುದು ವೀರೇಶ್. ಮುಂದಿನ ತಿಂಗಳು ಮಾವನಿಗೆ ಎಪ್ಪತ್ತೈದು ತುಂಬುತ್ತದೆ, ಅಭಿನಂದನ ಗ್ರಂಥ ಬರುತ್ತಿದೆ.

“ಎಲ್ಲಾರೂ ಬರದು ಕೊಟ್ಟಾರ. ನಮ್ಮ ಮನಿ ಟೀಚರದೇ ಬಾಕಿ,” ಎಂದರು ನನ್ನ ಕೈಗೆ ಬನ್ನಿ ಎಲೆ ಇಡುತ್ತ. “ಎರಡೇ ಪುಟ ಬರಿ ಗಂಗೋತ್ರಿ. ನಿನ್ನ ಕನ್ನಡ ಅಂದ್ರ ಏನು! ಓದಿದೋರು ಕಣ್ಣೊರಸ್ಕೋಬೇಕು.”

ಈ ಮನೆತನದಲ್ಲಿ ನನ್ನ ಕನ್ನಡವನ್ನು ಹೊಗಳುವವರು ಅವರೊಬ್ಬರೇ. ಖುಷಿಯಿಂದ ಒಪ್ಪಿಕೊಂಡೆ. ನಾಳೆ ಕುರುಗೋಡಿಗೆ ಹೋಗಿ ಅವರ ಬಾಲ್ಯದ ಗೆಳೆಯರನ್ನು ಕಂಡು, ಆಮೇಲೆ ಸಿರುಗುಪ್ಪದ ಗಿರಣಿಯನ್ನೂ ನೋಡಿ ಬರಬೇಕು. ಬಸ್ಸಿನಲ್ಲಿ ಕಾದಂಬರಿಯೂ ಮುಗಿದೀತು.

ಹೊರಡುವಾಗ ಮಗಳು ಜ್ಯೋತಿ ಅವರನ್ನು ತಡೆದಳು. ನಮ್ಮ ಗೋಡೆಗೆ ತಾಗಿದ್ದ ಹಳೇ ಮನೆಯನ್ನು ಮಾವ ಕೊಂಡು ಕೆಡವಿ ಮಳಿಗೆಗಳನ್ನು ಕಟ್ಟಿಸುತ್ತಿದ್ದಾರೆ. ಕಾರು ನಿಲ್ಲಿಸಲು ಕೆಳಗೆ ಸೆಲ್ಲಾರು ಬೇಕೆಂದು ಜೆಸಿಬಿ ತರಿಸಿ ತೋಡಿಸುತ್ತಿದ್ದಾರೆ. ಹಬ್ಬಕ್ಕೆಂದು ಸದ್ದು ನಿಂತಿತ್ತು.

“ಅಜ್ಜಾ, ನಮ್ಮ ಗೋಡಿ ಬುಡಕ್ಕ ಹತ್ತಿ ತೋಡ್ಯಾರಲ್ಲ, ಗೋಡಿಗೆ ಏನಾಗಂಗಿಲ್ಲೇನು?”

“ಏನಾಗಂಗಿಲ್ಲ ತಂಗಿ. ನಾನದೀನಲ್ಲ,” ಎಂದು ಅವಳ ತಲೆ ಸವರಿ ಹೋದರು.

ಕಪಾಟಿನ ಬಾಗಿಲು ಯಾಕೋ ಸರಿಯಾಗಿ ಮುಚ್ಚುತ್ತಿಲ್ಲ. ಕಟ್ಟಿಗೆ ಉಬ್ಬಿರಬೇಕು.

ಅಕ್ಟೋಬರ್ 14, ಸೋಮವಾರ

ಕುರುಗೋಡಿನಲ್ಲಿ ತಿಪ್ಪೇರುದ್ರಪ್ಪ ಮೇಷ್ಟ್ರು ಸಿಕ್ಕರು. ಮಾವನ ಜೊತೆ ಓದಿದವರು. ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ತರಿಸಿ, ತಿನ್ನುವವರೆಗೂ ಬಾಯಿ ಬಿಡಲಿಲ್ಲ. ಆಮೇಲೆ ನಿಲ್ಲಿಸಲಿಲ್ಲ.

“ನಾವು ಸಣ್ಣೋರಿದ್ದಾಗ ಗುಡ್ಡದ ಮ್ಯಾಲ ಬಂಡಿಗಲ್ಲಿಂದ ಬಂಡಿಗಲ್ಲಿಗೆ ಹಾರೋ ಆಟ ಇತ್ತು ನೋಡ್ರಿ. ಚನ್ನ ನಮ್ಮ ನಾಯಕ. ಯಾ ಬಂಡಿ ಗಟ್ಟಿ, ಯಾ ಬಂಡಿ ಅಲಗಾಡತೈತಿ ಅಂತ ಅವನೇ ಹೇಳಾಂವ. ಅವನು ಹಾರು ಅಂದ್ರ ಹಾರಿಬಿಡ್ತಿದ್ವಿ. ಅಂಥಾ ನಂಬಿಕಿ!” ಎಂದು ನಕ್ಕು ತಮ್ಮ ಎಡಗೈ ಚಾಚಿದರು. ಮೊಣಕೈ ಸೊಟ್ಟಗಿತ್ತು. “ಒಂದ್ಸಲ ಮಾತ್ರ ತಪ್ಪಿತು. ಪಾಪ, ನನ್ನ ಹೊತ್ಕೊಂಡು ಮನಿ ತನಕ ಬಂದಾಂವ ಅವನೇ.”

ಬಸ್ಸಿನಲ್ಲೇ ಲೇಖನದ ಆರಂಭ ಹೊಳೆಯಿತು. “ಕುರುಗೋಡಿನ ಹೆಬ್ಬಂಡೆಗಳ ನಡುವೆ ಅರಳಿದ ಈ ಧೀಮಂತ ಚೇತನ ಬಾಲ್ಯದಿಂದಲೇ ನಾಯಕತ್ವದ ಸಾಕಾರಮೂರ್ತಿ.” ಎರಡು ಸಲ ಓದಿಕೊಂಡೆ, ಗತ್ತಾಗಿದೆ. ಕಾದಂಬರಿಯಲ್ಲೂ ಅಣ್ಣತಮ್ಮಂದಿರು ಬೇರೆಯಾಗುವ ಭಾಗಕ್ಕೆ ಬಂದಿದ್ದೇನೆ.

ಮನೆಗೆ ಬಂದರೆ ಜೆಸಿಬಿ ಶುರುವಾಗಿತ್ತು. ನೆಲ ನಡುಗಿದಾಗಲೆಲ್ಲ ಅಡುಗೆಮನೆಯ ತಟ್ಟೆಗಳು ಒಂದಕ್ಕೊಂದು ತಾಗುತ್ತವೆ. ಮೇಜಿನ ಮೇಲಿನ ಪುಸ್ತಕಗಳ ಮೇಲೆ ಕೆಂಪು ಮಣ್ಣಿನ ತೆಳುವಾದ ಪದರ. ಸೆರಗಿನಲ್ಲಿ ಒರೆಸಿದೆ. ಹಗಲು ಹೊತ್ತಿನಲ್ಲೇ ಹೆಗ್ಗಣಗಳು ಅಂಗಳಕ್ಕೆ ಬಂದು ಓಡಾಡಿದವಂತೆ. “ಅವಕ್ಕೂ ದಸರಾ ರಜಾ ಕೊಟ್ಟಿರಬೇಕು,” ಎಂದು ಅತ್ತೆ ನಕ್ಕರು.

ಅಕ್ಟೋಬರ್ 15, ಮಂಗಳವಾರ

ಕಪಾಟಿನ ಹಿಂದೆ ಬಿರುಕು. ಕಪಾಟು ಸರಿಸಿದಾಗ ಕಂಡಿತು. ಬೆರಳು ತೂರುವಷ್ಟಿದೆ. ನಮ್ಮದು ಕಲ್ಲು ಮಣ್ಣಿನ ಗೋಡೆ, ಮೇಲೆ ಮಣ್ಣಿನ ಮಾಳಿಗೆ. ವೀರೇಶ್ ಅವರ ತಂದೆಯ ತಂದೆ ಕಟ್ಟಿಸಿದ್ದು. ವೀರೇಶ್ ಸಿಮೆಂಟ್ ಕಲಸಿ ತುಂಬಿದರು.

“ಮಾವಗ ಹೇಳ್ರಿ,” ಎಂದೆ.

“ಗ್ರಂಥದ ಗದ್ಲದಾಗ ಅದಾರ. ಇಷ್ಟಕ್ಕೆಲ್ಲ ಅವ್ರ ಮುಂದ ಹೋಗಿ ನಿಲ್ಲಾಕ ಆಗತೈತೇನು? ಹಳೇ ಮನಿ, ಬಿರುಕು ಬಿಡತೈತಿ.”

ಜ್ಯೋತಿ ಸಿಮೆಂಟಿನ ಮೇಲೆ ಪೇಪರಿನ ಪಟ್ಟಿಯೊಂದನ್ನು ಗೋಂದು ಹಚ್ಚಿ ಅಂಟಿಸಿದ್ದಾಳೆ. ಗೋಡೆ ಸರಿದರೆ ಹರಿಯುತ್ತದಂತೆ, ಸಾಲಿಯಲ್ಲಿ ಹೇಳಿದ್ದಾರಂತೆ. ನೋಡುವುದಕ್ಕೆ ಅಸಹ್ಯ. ಕಪಾಟನ್ನು ಮತ್ತೆ ಅಲ್ಲಿಗೇ ಸರಿಸೋಣ ಎಂದರೆ ಬೇಡವೆಂದಳು.

ದಾದಿಯ ಆತ್ಮಕಥೆ ಅರ್ಧ ಓದಿದೆ. ಭಾಷೆ ತೀರಾ ಸಪ್ಪೆ. ವಿಶೇಷಣಗಳೇ ಇಲ್ಲ. ಇಂಥ ಬದುಕನ್ನು ನಾನು ಬರೆದಿದ್ದರೆ ಎಷ್ಟು ಚೆನ್ನಾಗಿ ಬರೆಯಬಹುದಿತ್ತು!

ಅಕ್ಟೋಬರ್ 16, ಬುಧವಾರ

ಸಿರುಗುಪ್ಪಕ್ಕೆ ಹೋಗಿ ಬಂದೆ. ತೆಕ್ಕಲಕೋಟೆ ದಾಟಿದ ಮೇಲೆ ರಸ್ತೆಯ ಎರಡೂ ಕಡೆ ಭತ್ತ ತೂಗುತ್ತಿತ್ತು. ಆಕಾಶ ಮಾತ್ರ ಕಪ್ಪಿಟ್ಟಿತ್ತು.

ಗಿರಣಿಯ ಮ್ಯಾನೇಜರ್ ವೀರಭದ್ರ ಅವರು ಎಲ್ಲ ತೋರಿಸಿದರು. ಹೊಸ ಗೋದಾಮಿನ ಮುಂದೆ ನಿಂತು, “ಇದನ್ನ ನೀವು ಬರೀಲೇಬೇಕು ಮೇಡಂ,” ಎಂದರು. “ಹಿಂದ ಇಲ್ಲಿ ಹಳೇ ಗೋದಾಮು ಇತ್ತು. ಅದರ ಗೋಡಿ ಬಿತ್ತು. ಓಬಳೇಶ ಅಂತ ಒಬ್ಬ ಹಮಾಲಿ ಸಿಕ್ಕಂಡು ಸತ್ತ. ಧಣಿ ಹೆಂಗ ಅತ್ರು ಅಂತೀರಿ! ಮಣ್ಣು ಕೊಡೂತನಕ ನೀರು ಮುಟ್ಟಲಿಲ್ಲ. ಅವನ ಹೆಂಡ್ತಿಗೆ ಇಲ್ಲೇ ಕೆಲಸ ಕೊಟ್ರು, ಮಗಳ ಮದಿವಿ ಮಾಡಿಸಿದ್ರು. ಈಗಿನ ಕಾಲದಾಗ ಯಾ ಧಣಿ ಮಾಡ್ತಾನ್ರಿ?”

ಇಂಥದ್ದೇ ಒಂದು ಪ್ರಸಂಗ ಬೇಕಾಗಿತ್ತು ನನಗೆ. ಅವಳನ್ನು ನೋಡಬಹುದೇ ಎಂದೆ. ಅಂಗಳದಲ್ಲಿ ಚೆಲ್ಲಿದ ಭತ್ತ ಗುಡಿಸುತ್ತಿದ್ದ ಹೆಂಗಸನ್ನು ಕರೆದರು. ಜಡೆಮ್ಮ. ನನಗಿಂತ ದೊಡ್ಡವಳೇನಲ್ಲ. ಧಣಿಗಳ ಬಗ್ಗೆ ಪುಸ್ತಕ ಬರುತ್ತಿದೆ, ನಾಲ್ಕು ಮಾತು ಹೇಳು ಎಂದು ವೀರಭದ್ರ ಹೇಳಿ, ಫೋನ್ ಬಂತೆಂದು ಆಚೆ ಹೋದರು.

“ಚಲೋ ನೋಡ್ಕೊಂಡಾರ್ರಿ,” ಎಂದಳು. ಕಸಬರಿಗೆ ಕೆಳಗಿಟ್ಟು, “ಅವತ್ತು ಮುಂಜಾನಿ ನಮ್ಮಾತ ಒಳಗ ಹೋಗಾಕ ಒಲ್ಲೆ ಅಂದಿದ್ದ. ಗೋಡಿ ಹೊಟ್ಟಿ ಬಂದೈತಿ, ಮಣ್ಣು ಉದುರಾಕ ಹತ್ತೈತಿ ಅಂತ. ಧಣೇರೇ ಬಂದು ಬೆನ್ನ ಮ್ಯಾಲ ಕೈ ಇಟ್ಟು, ಏನಾಗಂಗಿಲ್ಲಲೇ, ನಾನದೀನಿ ಅಂದ್ರು. ಆವಾಗ ಹೋದ. ಮೊದ್ಲಿಂದ್ಲೂ ಧೈರ್ಯ ಹೇಳೋರು ಅವ್ರು,” ಎಂದಳು. ಅವಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. ಮತ್ತೆ ಕಸಬರಿಗೆ ಹಿಡಿದಳು.

ಮಾತು ಚೆನ್ನಾಗಿದೆ, ಲೇಖನದ ನಡುವೆ ಬರಲಿ ಎಂದುಕೊಂಡೆ.

ಬರುವಾಗ ದಾರಿಯುದ್ದಕ್ಕೂ ಮಳೆ. ಕಾದಂಬರಿ ತೆರೆದೆ. ಓದಿದ ಪುಟವನ್ನೇ ಓದುತ್ತಿದ್ದೆ ಎಂದು ಎಷ್ಟೋ ಹೊತ್ತಿನ ಮೇಲೆ ಗೊತ್ತಾಯಿತು.

ಸಂಜೆ ಕೂತು ಲೇಖನ ಮುಗಿಸಿದೆ. ಎರಡು ಪುಟ ಸರಿಯಾಗಿ ಬಂತು. ಅತ್ತೆ ಮಂಚದ ಮೇಲೆ ಮಲಗಿ, ಓದಿ ಹೇಳು ಎಂದರು. ತಮ್ಮನ ಹೊಗಳಿಕೆ ಕೇಳಲು ಮುಖ ಅರಳಿಸಿಕೊಂಡಿದ್ದರು. “ಗೋಡೆ ಕುಸಿದು ಬಡಜೀವವೊಂದು ನಂದಿದಾಗ ಈ ಮಾತೃಹೃದಯಿಯ ಕಣ್ಣಾಲಿಗಳು ಕಾಲುವೆಯಂತೆ ಹರಿದವು” ಎಂಬಲ್ಲಿಗೆ ಬಂದಿದ್ದೆ. ಮೇಲಿನ ಜಂತೆಯ ಸಂದಿಯಿಂದ ಮಣ್ಣಿನ ಹೆಂಟೆಯೊಂದು ಅತ್ತೆಯ ಕಾಲ ಹತ್ತಿರ ಹಾಸಿಗೆಯ ಮೇಲೆ ಬಿತ್ತು.

“ಓದವ, ಯಾಕ ನಿಂತಿ?” ಎಂದರು ಅತ್ತೆ.

ಗಂಟಲು ಕಟ್ಟಿದೆ ಎಂದು ಹೇಳಿ ಎದ್ದುಬಂದೆ.

ಅಕ್ಟೋಬರ್ 17, ಗುರುವಾರ

ಮಳೆ ನಿಂತಿಲ್ಲ. ಗುಂಡಿಯಲ್ಲಿ ಕೆಂಪು ನೀರು ತುಂಬಿದೆ. ಜ್ಯೋತಿಯ ಪಟ್ಟಿ ಹರಿದಿದೆ.

ಗೋಡೆಗೆ ಅಂಗೈ ಇಟ್ಟೆ. ಹೊಟ್ಟೆ ಬಂದಿದೆ. ಬಸುರಿಯ ಹೊಟ್ಟೆಯ ಹಾಗೆ ಬಿಗಿಯಾಗಿ, ಆದರೆ ತಣ್ಣಗೆ.

ನಾಲ್ಕು ದಿನ ಗಾಂಧಿನಗರದ ನಮ್ಮ ಅಕ್ಕ ಶೀಲಾಳ ಮನೆಗೆ ಹೋಗೋಣ ಎಂದೆ. ಮಾವನಿಗೆ ಏನೆನಿಸೀತು ಎಂದರು ವೀರೇಶ್. ಅತ್ತೆಯಂತೂ ಕೆರಳಿದರು. “ನನ್ನ ತಮ್ಮ ನನ್ನ ಮ್ಯಾಲ ಗೋಡಿ ಕೆಡವತಾನೇನು? ಪುಸ್ತಕ ಓದಿ ಓದಿ ತಲಿ ಕೆಟ್ಟೈತಿ ನಿಂಗ.”

ಮಂಚವನ್ನಾದರೂ ನಡುಮನೆಗೆ ಹಾಕೋಣ ಎಂದೆ. ಒಪ್ಪಲಿಲ್ಲ.

ಅಕ್ಟೋಬರ್ 18, ಶುಕ್ರವಾರ

ಇವತ್ತು ಅಂಗಡಿಗೆ ಹೋದೆ. ಮದುವೆಯಾಗಿ ಬಂದಾಗಿನಿಂದ ಮಾವನ ಎದುರು ಕುರ್ಚಿಯಲ್ಲಿ ಕೂತವಳಲ್ಲ. ಇವತ್ತೂ ಕೂರಲಿಲ್ಲ. ವೀರೇಶ್ ಗಲ್ಲಾಪೆಟ್ಟಿಗೆಯ ಹತ್ತಿರ ಇದ್ದರು. ನನ್ನನ್ನು ನೋಡಿ ಎದ್ದು ನಿಂತರು.

“ಮಾವ, ಗುಂಡ್ಯಾಗ ನೀರು ನಿಂತೈತಿ. ನಮ್ಮ ಗೋಡಿ ಹೊರಗ ಬಂದೈತಿ. ಮೊದ್ಲು ಗುಂಡಿಗೆ ಮಣ್ಣು ತುಂಬಸ್ರಿ.”

“ಮಳಿ ನಿಲ್ಲಲಿ ಗಂಗೋತ್ರಿ. ಆಸರಿಗೆ ಕಂಬ ಕೊಡಸ್ತೀನಿ. ಲೇಖನ ಎಲ್ಲೀತನಕ ಬಂತು?”

“ಮುಗದೈತ್ರಿ.”

“ಮತ್ತ ತಂದಿಯೇನು?”

“ಇಲ್ರಿ. ಕೊಡಂಗಿಲ್ಲ.”

ಮೊದಲು ನಕ್ಕರು. ಮುಂದಿನ ತಟ್ಟೆಯಲ್ಲಿದ್ದ ಮಾದರಿ ಅಕ್ಕಿಯನ್ನು ಅಂಗೈಯಲ್ಲಿ ಉಜ್ಜುತ್ತ, “ಯಾಕವ?” ಎಂದರು.

“ಸಿರುಗುಪ್ಪದಾಗ ಜಡೆಮ್ಮ ಸಿಕ್ಕಿದ್ಲು. ಓಬಳೇಶ ಅವತ್ತು ಒಳಗ ಹೋಗಾಕ ಒಲ್ಲೆ ಅಂದಿದ್ನಂತ. ನೀವೇ ಕಳಿಸಿದ್ರಂತ.”

ಉಜ್ಜುವ ಕೈ ನಿಂತಿತು. ಹೊರಗೆ ಲಾರಿಯಿಂದ ಚೀಲ ಇಳಿಸುತ್ತಿದ್ದರು. ಮಾವ ಅಕ್ಕಿಯನ್ನು ಮತ್ತೆ ತಟ್ಟೆಗೆ ಸುರಿದು, ನನ್ನನ್ನು ಬಿಟ್ಟು ವೀರೇಶ್ ಕಡೆ ತಿರುಗಿದರು. ದನಿ ಎತ್ತರಿಸಲಿಲ್ಲ.

“ವೀರೇಶಾ, ನಿನ್ನ ಹೆಂಡ್ತಿಗೆ ರಜಾ ಜಾಸ್ತಿ ಆಗೈತಿ. ಮನಿಗೆ ಕರ್ಕೊಂಡು ಹೋಗು. ನಾಳಿ ಮಧ್ಯಾಹ್ನದೊಳಗ ಲೇಖನ ಪ್ರೆಸ್ಸಿಗೆ ಮುಟ್ಟಬೇಕು. ಮುಟ್ಟಲಿಲ್ಲಂದ್ರ ನೀನೂ ಅಂಗಡಿಗೆ ಬರೋದು ಬ್ಯಾಡ.”

ವೀರೇಶ್ ಬೈಕಿನ ಮೇಲೆ ಕರೆತಂದರು. ಮನೆಯ ಮುಂದೆ ಇಳಿಸಿ, “ಡಿಗ್ರಿ ಮುಗಿಸಿ ಖಾಲಿ ತಿರುಗೋವಾಗ ನನ್ನ ಕರ್ದು ಕೆಲಸ ಕೊಟ್ಟ ಮನಷ್ಯಾ ಗಂಗಾ ಅಂವ. ಎರಡು ಹಾಳಿ ಕೊಡಾಕ ನಿಂದೇನು ಹೋಗತೈತಿ?” ಎಂದರು. ಕಣ್ಣಲ್ಲಿ ನೀರಿತ್ತು. ಸಿಟ್ಟಾಗಿದ್ದರೆ ಜಗಳವಾಡಬಹುದಿತ್ತು.

ಮೂಡಣ ಕೋಣೆಯ ಬಾಗಿಲೂ ಈಗ ಮುಚ್ಚುತ್ತಿಲ್ಲ. ಚೌಕಟ್ಟು ವಾರೆಯಾಗಿದೆ. ಅತ್ತೆ ಒಳಗೇ ಮಲಗಿದ್ದಾರೆ. ನಾನು ಹೊಸಿಲ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ.

ಅಕ್ಟೋಬರ್ 19, ಶನಿವಾರ

ಶೀಲಕ್ಕನ ಮನೆ. ಬಂದೆವು.

ಬೆಳಿಗ್ಗೆ ವೀರೇಶ್ ಅಂಗಡಿಗೆ ಹೋದ ಮೇಲೆ ಜ್ಯೋತಿಗೆ ಬಟ್ಟೆ ತುಂಬಿಕೋ ಎಂದೆ. ಅತ್ತೆ ಮಂಚ ಬಿಟ್ಟೇಳಲಿಲ್ಲ. ನಾನು ಅವರ ಕಾಲ ಬಳಿ ಕೂತು, ಜಡೆಮ್ಮ ಹೇಳಿದ್ದನ್ನು ಅವಳು ಹೇಳಿದ ಹಾಗೆಯೇ ಹೇಳಿದೆ.

“ನನ್ನ ಮುಂದ ಬ್ಯಾರೆ ಹೇಳಿದ್ದ,” ಎಂದರು ಅತ್ತೆ. “ಹಮಾಲಿ ಕುಡದು ಬಂದಿದ್ದ, ತಾನಾಗೇ ಗೋಡಿಗೆ ಹೋಗಿ ಬಿದ್ದ ಅಂತ ಹೇಳಿದ್ದ. ನಾನೂ ಊರ ಮಂದಿಗೆಲ್ಲ ಹಂಗ ಹೇಳ್ಕೋಂತ ಬಂದೀನಿ.”

ಆಮೇಲೆ ಚಪ್ಪಲಿ ಕೇಳಿದರು. ಆಟೋ ಹತ್ತುವಾಗ ನನ್ನ ಹೆಗಲನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದರೆಂದರೆ ಇನ್ನೂ ನೋಯುತ್ತಿದೆ.

ಮಳೆ ನಿಂತಿದೆ, ಬಿಸಿಲು ಬಂದಿದೆ. ಶೀಲಕ್ಕ ರೊಟ್ಟಿ ತಟ್ಟುತ್ತಿದ್ದಾಳೆ. ವೀರೇಶ್‌ಗೆ ಫೋನ್ ಮಾಡಬೇಕು. ಸಿಟ್ಟಾಗುತ್ತಾರೆ. ಆಗಲಿ.

ಅಕ್ಟೋಬರ್ 20, ಭಾನುವಾರ

ಆಸ್ಪತ್ರೆ.

ನಿನ್ನೆ ನಾನು ಮಾಡುವ ಮೊದಲೇ ಅವರೇ ಫೋನ್ ಮಾಡಿದರು. ಪ್ರೆಸ್ಸಿನವನು ಮನೆಗೆ ಬಂದು ಬೀಗ ನೋಡಿ ಅಂಗಡಿಗೆ ಹೋಗಿದ್ದನಂತೆ. ವೀರೇಶ್ ಮನೆಯ ಮುಂದೆ ನಿಂತು ಮಾತಾಡುತ್ತಿದ್ದರು.

“ಲೇಖನ ಮೂಡಣ ಕೋಣ್ಯಾಗ ಮೇಜಿನ ಮ್ಯಾಲ ಐತಿ ಹೌದಿಲ್ಲೋ?”

“ಒಳಗ ಹೋಗಬ್ಯಾಡ್ರಿ. ನಿಮ್ಮ ಕಾಲಿಗೆ ಬೀಳ್ತೀನಿ. ಇಲ್ಲಿ ಕೂತು ಮತ್ತ ಬರದು ಕೊಡ್ತೀನಿ. ಈಗ ಬರದು ಕೊಡ್ತೀನಿ.”

“ತಗೊಂಡು ಬಂದೇ ಬಿಡ್ತೀನಿ ಗಂಗಾ.”

ಬೀಗ ತೆಗೆದ ಸದ್ದು ಕೇಳಿಸಿತು. ನಡುಮನೆಯಲ್ಲಿ ಅವರ ಹೆಜ್ಜೆ. ನಾನು ಬ್ಯಾಡ, ಬ್ಯಾಡ ಎನ್ನುತ್ತಲೇ ಇದ್ದೆ. “ಏನೂ ಆಗಿಲ್ಲಲ್ಲ ಇಲ್ಲಿ, ಸುಮ್ನ ನೀನು...” ಎಂದರು. ಆಮೇಲೆ ಸದ್ದು. ದೊಡ್ಡ ಸದ್ದೇನಲ್ಲ. ಚೀಲದಿಂದ ಭತ್ತ ಸುರಿದ ಹಾಗೆ, ಸುರಿಯುತ್ತಲೇ ಇದ್ದ ಹಾಗೆ. ಫೋನ್ ಕಟ್ಟಾಗಲಿಲ್ಲ. ಹೆಸರು ಹಿಡಿದು ಕರೆದೆ. ಗಂಡನ ಹೆಸರು ಹಿಡಿದು ಕೂಗಿದ್ದು ಅದೇ ಮೊದಲು.

ಓಣಿಯವರು, ಸೆಲ್ಲಾರಿನ ಕೆಲಸದವರು ಸೇರಿ ಮಣ್ಣು ತೆಗೆದರು. ತೊಲೆ ಬಲಗಾಲಿನ ಮೇಲೆ ಬಿದ್ದಿತ್ತು. ಇವತ್ತು ಬೆಳಿಗ್ಗೆ ಕಾಲನ್ನು ಮೊಣಕಾಲಿನ ಕೆಳಗೆ ಕತ್ತರಿಸಿ ತೆಗೆದರು. ಜೀವಕ್ಕೆ ಅಪಾಯವಿಲ್ಲ ಎಂದಿದ್ದಾರೆ.

ಎಲ್ಲ ಮಾಡಿದ್ದು ಚನ್ನಬಸವರಾಜ ಮಾವ. ಅವರ ಕಾರಿನಲ್ಲೇ ಕರೆತಂದರು. ದೊಡ್ಡ ಡಾಕ್ಟರನ್ನು ಮನೆಯಿಂದ ಕರೆಸಿದರು. ಸ್ಪೆಷಲ್ ರೂಮು ಕೊಡಿಸಿದರು. ಆಪರೇಷನ್ ಮುಗಿಯುವವರೆಗೆ ಬಾಗಿಲ ಮುಂದೆ ನಿಂತು ಅತ್ತರು, ನೀರು ಮುಟ್ಟಲಿಲ್ಲ. ಅದು ಸುಳ್ಳು ಅಳು ಅಲ್ಲ. ನಾನು ಹತ್ತಿರದಿಂದ ನೋಡಿದೆ, ನಿಜವಾಗಿಯೂ ಅಳುತ್ತಿದ್ದರು. ಅದನ್ನು ನೋಡಿದಾಗಲೇ ನನಗೆ ಹೆಚ್ಚು ಹೆದರಿಕೆಯಾಯಿತು.

ಬಂದವರೆಲ್ಲ, “ಇಂಥಾ ಮಾವ ಸಿಗಾಕ ಪುಣ್ಯ ಮಾಡಿರಬೇಕು” ಎಂದು ಹೇಳಿ ಹೋಗುತ್ತಿದ್ದಾರೆ.

ಅಕ್ಟೋಬರ್ 21, ಸೋಮವಾರ

ಶಾಲೆ ಶುರುವಾಯಿತು. ರಜೆ ಹಾಕಿದ್ದೇನೆ.

ಹನ್ನೊಂದರ ಸುಮಾರಿಗೆ ಪೊಲೀಸರು ಬಂದರು. ಒಬ್ಬ ಎಸ್‌ಐ, ಒಬ್ಬ ಪೇದೆ. ವೀರೇಶ್‌ಗೆ ಇನ್ನೂ ಮಂಪರು. ಮಾವ ಮಂಚದ ಪಕ್ಕದ ಕುರ್ಚಿಯಲ್ಲಿದ್ದರು, ಅತ್ತೆ ಕೆಳಗೆ ಚಾಪೆಯ ಮೇಲೆ. ಗೋಡೆ ಹೇಗೆ ಬಿತ್ತು ಎಂದು ಎಸ್‌ಐ ಕೇಳಿದರು. ಕೇಳಿದ್ದು ನನ್ನನ್ನು. ಉತ್ತರ ಕೊಟ್ಟದ್ದು ಮಾವ.

“ಹಳೇ ಮನಿ ಸಾಹೇಬ್ರ, ಮಣ್ಣಿಂದು. ಮೂರು ದಿನ ಮಳಿ ಹೊಡದೈತಿ. ದೇವರು ಇಟ್ಟಂಗ. ನಮ್ಮ ಹುಡುಗ, ನಾನದೀನಿ, ಎಲ್ಲಾ ನೋಡ್ಕೊಂತೀನಿ. ಕೇಸು ಗೀಸು ಏನೂ ಬ್ಯಾಡ.”

ಪೇದೆ ಬರೆದುಕೊಳ್ಳತೊಡಗಿದ. ನಾನು ಬಾಯಿ ತೆರೆದೆ. ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದು ಎದ್ದರು. ನೋಯುವ ಮೊಣಕಾಲಿನಲ್ಲಿ ಏಳುವುದು ಅವರಿಗೆ ಸುಲಭವಲ್ಲ. ಮಾವ ಕೈಕೊಡಲು ಹೋದರು. ಅತ್ತೆ ಆ ಕೈಯನ್ನು ಸರಿಸಿದರು.

“ಚನ್ನಾ, ನೀನು ಹೊರಗ ನಡಿ.”

“ಯಕ್ಕಾ, ನೀ ಸುಮ್ನ ಕುಂದ್ರು. ನಿಂಗ ತಿಳಿಯಂಗಿಲ್ಲ.”

“ಹೊರಗ ನಡಿ ಅಂದೆ. ಗೋಡಿ ಬಗಲಾಗ ಮಲಗಿದಾಕಿ ನಾನು. ನಾ ಹೇಳ್ತೀನಿ.” ಪೇದೆಯ ಕಡೆ ತಿರುಗಿದರು. “ಅದನ್ನ ಹೊಡದು ಹಾಕಪ್ಪಾ. ಹೊಸದಾಗಿ ಬರ್ಕೋ.”

ಮಾವ ನನ್ನತ್ತ ನೋಡಿದರು. ನಾನು ನೋಟ ತಗ್ಗಿಸಲಿಲ್ಲ. ಎದ್ದು ಹೋದರು. ಬಾಗಿಲನ್ನು ಮೆಲ್ಲಗೆ ಮುಚ್ಚಿಕೊಂಡೇ ಹೋದರು.

ಅತ್ತೆ ನಿಂತುಕೊಂಡೇ ಹೇಳಿದರು. ಗುಂಡಿ ಯಾವಾಗ ತೋಡಿದರು, ಎಷ್ಟು ಹತ್ತಿರ ತೋಡಿದರು, ಯಾರು ಬೇಡ ಅಂದರು, ಯಾರು ಏನೂ ಆಗುವುದಿಲ್ಲ ಅಂದರು. ಓಬಳೇಶನ ವಿಷಯವನ್ನೂ ಹೇಳಿದರು. ತಾವು ಊರಿಗೆಲ್ಲ ಹೇಳಿಕೊಂಡು ಬಂದದ್ದನ್ನೂ ಬಿಡಲಿಲ್ಲ. ಕೊನೆಗೆ ಹೆಬ್ಬೆಟ್ಟು ಒತ್ತಿ, ಮಸಿಯನ್ನು ಸೀರೆಗೇ ಒರೆಸಿಕೊಂಡರು.

ಆಮೇಲೆ ಎಸ್‌ಐ ನನಗೆ, “ನೀವು ಟೀಚರಲ್ರಿ, ನಿಮ್ಮದು ನೀವೇ ಬರದು ಕೊಡ್ರಿ” ಎಂದು ಹಾಳೆ ಕೊಟ್ಟರು. ಕಿಟಕಿಯ ಕಟ್ಟೆಯ ಮೇಲಿಟ್ಟುಕೊಂಡು ಬರೆದೆ. ಬೇಗ ಮುಗಿಯಿತು. ಎಲ್ಲೂ ತಿದ್ದಬೇಕಾಗಲಿಲ್ಲ.

ಮಧ್ಯಾಹ್ನದಿಂದ ಯಾರೂ ಬಂದಿಲ್ಲ. ವೀರಭದ್ರ ಮಾತ್ರ ಫೋನ್ ಮಾಡಿದ್ದರು. ಇನ್ನೊಮ್ಮೆ ವಿಚಾರ ಮಾಡಿ, ಸ್ಟೇಷನ್ನಿನಲ್ಲಿ ಎಲ್ಲರೂ ನಮ್ಮವರೇ ಇದ್ದಾರೆ, ಮುಂದೆ ನಿಮಗೇ ತೊಂದರೆ, ಮೇಡಂ ಎಂದರು. ಒಳ್ಳೆಯ ದನಿಯಲ್ಲೇ ಹೇಳಿದರು. ಈ ಸ್ಪೆಷಲ್ ರೂಮನ್ನು ಸಂಜೆಯೊಳಗೆ ಖಾಲಿ ಮಾಡಬೇಕಂತೆ, ನರ್ಸ್ ಬಂದು ಹೇಳಿ ಹೋದಳು. ಜನರಲ್ ವಾರ್ಡಿನಲ್ಲಿ ಮಂಚ ಸಿಗುತ್ತದಂತೆ.

ವೀರೇಶ್‌ಗೆ ಎಚ್ಚರವಾಯಿತು. ಮೊದಲು ಕಾಲಿನ ಕಡೆ ನೋಡಲಿಲ್ಲ.

“ಮಾವ ಎಲ್ಲಿ?” ಎಂದರು.

“ಹೋದ್ರು. ಅತ್ತಿ ಎಲ್ಲಾ ಹೇಳಿಬಿಟ್ರು ಪೊಲೀಸರ ಮುಂದ. ನಾನೂ ಬರದು ಕೊಟ್ಟೆ.”

ಕಣ್ಣು ಮುಚ್ಚಿದರು. ನಿದ್ದೆ ಹೋದರೇನೋ ಎಂದುಕೊಂಡೆ. ಆಮೇಲೆ ಕೈಯನ್ನು ಹೊದಿಕೆಯಿಂದ ಹೊರಗೆ ಚಾಚಿದರು. ಹಿಡಿದುಕೊಂಡೆ. ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಮಣ್ಣಿತ್ತು.

ಅಷ್ಟರಲ್ಲಿ ಮಾವನ ಮನೆಯ ಡ್ರೈವರ್ ದೊಡ್ಡ ಟಿಫಿನ್ ಕ್ಯಾರಿಯರ್ ತಂದು ಮೇಜಿನ ಮೇಲಿಟ್ಟ. ಅಮ್ಮಾರು ಕಳಿಸ್ಯಾರ ಎಂದ. ಮುಚ್ಚಳದ ಸಂದಿಯಿಂದ ತುಪ್ಪದ ವಾಸನೆ ಬರುತ್ತಿತ್ತು. ಬೆಳಿಗ್ಗೆಯಿಂದ ನಾವ್ಯಾರೂ ಏನೂ ತಿಂದಿರಲಿಲ್ಲ. ಜ್ಯೋತಿ ಅದನ್ನೇ ನೋಡುತ್ತಿದ್ದಳು.

“ವಾಪಸ್ ಒಯ್ಯಿ ತಮ್ಮಾ,” ಎಂದರು ಅತ್ತೆ.

ಅವನು ನನ್ನ ಮುಖ ನೋಡಿದ. ನಾನು ಕ್ಯಾರಿಯರನ್ನು ಎತ್ತಿ ಅವನ ಕೈಗೆ ಕೊಟ್ಟೆ. ಆಮೇಲೆ ಪರ್ಸ್ ತೆಗೆದುಕೊಂಡು, ಕ್ಯಾಂಟೀನ್ ಮುಚ್ಚುವ ಮೊದಲು ಇಡ್ಲಿ ತರೋಣ ಎಂದು ಕೆಳಗೆ ಇಳಿದೆ.